ಕೆಟ್ಟ ಅರಬನನ್ನು ತೋರಿಸಿದರೆಲ್ಲ ಓರಿಯಂಟಲಿಸಮ್ಮೇ?

ಓರಿಯಂಟಲಿಸಂ ಎಂದರೆ ಅರಬರು, ಮುಸ್ಲಿಮರು ಸೇರಿದಂತೆ ಪೂರ್ವದ ಜನರನ್ನೆಲ್ಲ ಒಂದೇ ಅಚ್ಚಿಗೆ ಹಾಕಿ ನೋಡುವ ಪಶ್ಚಿಮದ ಚಾಳಿ. ಸಿನಿಮಾಗಳಲ್ಲಿನ ಓರಿಯಂಟಲಿಸಂ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಎದುರಾಗುವ ಪ್ರಶ್ನೆ ಒಂದೇ. "ಅರಬರಲ್ಲಿ, ಮುಸ್ಲಿಮರಲ್ಲಿ ಕೆಟ್ಟವರು ಇಲ್ಲವೇ? ಇರುವುದನ್ನು ತೋರಿಸಿದರೆ ತಪ್ಪೇನು? ನಿಮ್ಮ ಮಾತು ಕೇಳಿದರೆ ಆ ಸಮಾಜದ ಒಂದು ಹುಳುಕನ್ನೂ ತೆರೆಯ ಮೇಲೆ ತರುವ ಹಾಗಿಲ್ಲವಲ್ಲ!" ಕೇಳುವವರಲ್ಲಿ ಹೆಚ್ಚಿನವರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಹಾಗಾಗಿ ಉತ್ತರವನ್ನೂ ಬಿಡಿಸಿ, ಉದಾಹರಣೆ ಇಟ್ಟು ಹೇಳಬೇಕು.

ಕೆಟ್ಟವನನ್ನು ತೋರಿಸುವುದು ಓರಿಯಂಟಲಿಸಂ ಅಲ್ಲ. ಒಳ್ಳೆಯವನನ್ನು ತೋರಿಸಿದ ಮಾತ್ರಕ್ಕೆ ಅದರಿಂದ ಪಾರಾದಂತೆಯೂ ಅಲ್ಲ. ನೋಡಬೇಕಾದ್ದು ಬೇರೆ: ತೆರೆಯ ಮೇಲಿನ ಆ ಮನುಷ್ಯನಿಗೆ ಒಂದು ಊರಿದೆಯೇ, ಒಂದು ಇಸವಿ ಇದೆಯೇ, ಅವನು ಮಾಡುವ ಕೆಲಸಕ್ಕೆ ಅವನದೇ ಆದ ಕಾರಣ ಇದೆಯೇ? ಈ ಮೂರೂ ಇದ್ದರೆ ಅವನು ಎಷ್ಟೇ ಕ್ರೂರಿಯಾಗಿರಲಿ, ನನ್ನ ತಕರಾರಿಲ್ಲ. ಮೂರೂ ಇಲ್ಲದಿದ್ದರೆ ಅವನು ದೇವರಂಥವನಾದರೂ ತಕರಾರಿದೆ.

1921ರ 'ದಿ ಶೇಖ್' ಎಂಬ ಮೂಕಿ ಚಿತ್ರ ಇದಕ್ಕೆ ಒಳ್ಳೆಯ ಸಾಕ್ಷಿ. ರುಡಾಲ್ಫ್ ವ್ಯಾಲೆಂಟಿನೊ ನಟಿಸಿದ ಶೇಖ್ ಅಹಮದ್ ಖಳನಲ್ಲ, ನಾಯಕ. ಮರುಭೂಮಿಯಲ್ಲಿ ಇಂಗ್ಲಿಷ್ ಹುಡುಗಿಯೊಬ್ಬಳನ್ನು ಹೊತ್ತೊಯ್ಯುತ್ತಾನೆ, ಕೊನೆಗೆ ಅವಳ ಪ್ರೀತಿ ಗೆಲ್ಲುತ್ತಾನೆ. ಆದರೆ ಆ ಪ್ರೀತಿಯನ್ನು ಅಂದಿನ ಪ್ರೇಕ್ಷಕರು ಒಪ್ಪುವಂತೆ ಮಾಡಲು ಕಥೆ ಒಂದು ಗುಟ್ಟು ಬಿಚ್ಚಿಡುತ್ತದೆ: ಅವನ ತಂದೆ ಇಂಗ್ಲಿಷಿನವನು, ತಾಯಿ ಸ್ಪೇನಿನವಳು, ಅವನು ಅರಬನೇ ಅಲ್ಲ. ಅರಬನಿಗೆ ನಾಯಕನ ಜಾಗ ಕೊಟ್ಟಂತೆ ಮಾಡಿ, ಕೊನೆಯ ರೀಲಿನಲ್ಲಿ ಅದನ್ನು ವಾಪಸ್ ಕಿತ್ತುಕೊಂಡ ಚಿತ್ರವದು. ಕೆಟ್ಟವರೆಷ್ಟು, ಒಳ್ಳೆಯವರೆಷ್ಟು ಎಂದು ಎಣಿಸಿದರೆ ಇದು ಒಳ್ಳೆಯ ಪಟ್ಟಿಗೆ ಸೇರಿಬಿಡುತ್ತದೆ.

ಎಣಿಸುವ ಕೆಲಸ ವ್ಯರ್ಥ ಎನ್ನುತ್ತಿಲ್ಲ. ಲೆಬನಾನ್ ಮೂಲದ ಅಮೆರಿಕನ್ ವಿದ್ವಾಂಸ ಜಾಕ್ ಶಾಹೀನ್ ಹಾಲಿವುಡ್ಡಿನ 900ಕ್ಕೂ ಹೆಚ್ಚು ಚಿತ್ರಗಳನ್ನು ಒಂದೊಂದಾಗಿ ನೋಡಿ 2001ರಲ್ಲಿ ಪಟ್ಟಿ ಮಾಡಿಟ್ಟರು. ಅರಬ ಎಂದರೆ ಬಾಂಬು ಹಾಕುವವನು, ಹೆಣ್ಣು ಕದಿಯುವವನು, ತೈಲದ ದುಡ್ಡಲ್ಲಿ ಕೊಬ್ಬಿದವನು ಎಂಬ ಅಚ್ಚು ಎಷ್ಟು ಗಟ್ಟಿ ಎಂಬುದು ಆ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಆ ಅಚ್ಚು ಎರಕವಾದದ್ದು ಹೇಗೆ ಎಂದು ತಿಳಿಯಬೇಕಾದರೆ ಎಡ್ವರ್ಡ್ ಸಯೀದ್ ಅವರ 1978ರ ಪುಸ್ತಕ 'ಓರಿಯಂಟಲಿಸಂ'ಗೆ ಹೋಗಬೇಕು. ಜೆರುಸಲೇಮಿನಲ್ಲಿ, ಪ್ಯಾಲೆಸ್ಟೀನಿ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವರು ಸಯೀದ್. ಯುರೋಪಿನ ವಿದ್ವತ್ತು, ಕಲೆ, ಆಡಳಿತ ಮೂರೂ ಸೇರಿ 'ಪೂರ್ವ' ಎಂಬ ಒಂದೇ ವಸ್ತುವನ್ನು ಹೇಗೆ ಕಟ್ಟಿದವು ಎಂದು ಅವರು ತೋರಿಸಿದರು. ಆ ಪೂರ್ವ ಎಂದೂ ಬದಲಾಗುವುದಿಲ್ಲ, ತನ್ನ ಬಗ್ಗೆ ತಾನೇ ಮಾತಾಡಲಾರದು, ಆದ್ದರಿಂದ ಅದರ ಪರವಾಗಿ ಬೇರೆಯವರು ಮಾತಾಡಬೇಕು, ಅದನ್ನು ಬೇರೆಯವರೇ ಆಳಬೇಕು. ಕನ್ನಡದಲ್ಲಿ ಇದನ್ನು ಪೌರ್ವಾತ್ಯವಾದ, ಪ್ರಾಚ್ಯವಾದ ಎಂದೆಲ್ಲ ಕರೆದದ್ದುಂಟು. ಹೆಸರು ಯಾವುದಾದರೂ ಇರಲಿ, ಸಿನಿಮಾಕ್ಕೆ ಇದು ಸಿದ್ಧ ಸಾಮಗ್ರಿಯಾಗಿ ಸಿಕ್ಕಿತು.

ಮೊದಲು ಊರಿನ ಮಾತು. 1992ರ ಡಿಸ್ನಿ ಚಿತ್ರ 'ಅಲಾದೀನ್' ನಡೆಯುವ ಅಗ್ರಬಾ ಎಂಬ ಊರು ಯಾವ ನಕ್ಷೆಯಲ್ಲೂ ಇಲ್ಲ. ಅಲ್ಲಿನ ಗುಮ್ಮಟಗಳು ಒಂದು ದೇಶದವು, ಹುಲಿ ಇನ್ನೊಂದು ದೇಶದ್ದು, ಪೇಟ ಮತ್ತೊಂದು ಕಡೆಯದು. ಕಾಲ್ಪನಿಕ ಕಥೆಗೆ ಕಾಲ್ಪನಿಕ ಊರು ಇದ್ದರೇನು ಎನ್ನಬಹುದು. ಆದರೆ ಆ ಕಥೆಗೆ ನಿಜವಾದ ಒಂದು ವಿಳಾಸವಿತ್ತು. ಅಲೆಪ್ಪೊದ ಮಾರೋನೈಟ್ ಕ್ರೈಸ್ತ ಯುವಕ ಹನ್ನಾ ದಿಯಾಬ್ 1709ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಅನುವಾದಕ ಆಂತ್ವಾನ್ ಗಲಾಂಗೆ ಹೇಳಿದ ಕಥೆ ಅದು. ಗಲಾಂ ಅದನ್ನು ತನ್ನ ಅರೇಬಿಯನ್ ರಾತ್ರಿಗಳ ಸಂಪುಟಕ್ಕೆ ಸೇರಿಸಿದ, ಹೇಳಿದವನ ಹೆಸರನ್ನು ಪುಸ್ತಕದಲ್ಲಿ ಹಾಕಲಿಲ್ಲ. ಆ ಕಥೆಯ ಅಲಾದೀನ ಇದ್ದದ್ದು ಚೀನಾದಲ್ಲಿ! ಹೇಳಿದವನೂ ಹೋದ, ಊರೂ ಹೋಯಿತು, ಉಳಿದದ್ದು ಮರಳು ಮತ್ತು ದೀಪ.

ಆ ಚಿತ್ರದ ಮೊದಲ ಹಾಡಿನಲ್ಲಿ, ನಿನ್ನ ಮುಖ ಹಿಡಿಸದಿದ್ದರೆ ಇಲ್ಲಿ ಕಿವಿ ಕತ್ತರಿಸುತ್ತಾರೆ ಎಂಬ ಅರ್ಥದ ಸಾಲಿತ್ತು. ಅಮೆರಿಕದ ಅರಬ್ ಸಂಘಟನೆಗಳು ಪ್ರತಿಭಟಿಸಿದ ಮೇಲೆ 1993ರ ವಿಡಿಯೊ ಆವೃತ್ತಿಯಲ್ಲಿ ಆ ಸಾಲು ಹೋಗಿ ಸೆಕೆಯ ಮೇಲೊಂದು ಸಾಲು ಬಂತು. ಅದರ ಬೆನ್ನಿಗಿದ್ದ, ಈ ನೆಲ ಅನಾಗರಿಕ ಎನ್ನುವ ಪದ ಹಾಗೆಯೇ ಉಳಿಯಿತು. 2019ರ ಮರುನಿರ್ಮಾಣದಲ್ಲಷ್ಟೇ ಬದಲಾಯಿತು. ಒಂದು ಪದ ಬದಲಾಗಲು 27 ವರ್ಷ! ನಡುವೆ, 2015ರ ಡಿಸೆಂಬರಿನಲ್ಲಿ ಪಬ್ಲಿಕ್ ಪಾಲಿಸಿ ಪೋಲಿಂಗ್ ಎಂಬ ಸಂಸ್ಥೆ ಅಗ್ರಬಾದ ಮೇಲೆ ಬಾಂಬು ಹಾಕಬೇಕೇ ಎಂದು ಅಮೆರಿಕದ ಮತದಾರರನ್ನು ಕೇಳಿತು. ರಿಪಬ್ಲಿಕನ್ ಪಕ್ಷದವರಲ್ಲಿ 30%, ಡೆಮಾಕ್ರಟಿಕ್ ಪಕ್ಷದವರಲ್ಲಿ 19% ಮಂದಿ ಹೌದು ಎಂದರು. ಕಾರ್ಟೂನಿನ ಊರದು. ಸಿನಿಮಾ ತಾನೇ, ಅದರಿಂದ ಏನಾದೀತು ಎನ್ನುವವರ ಮುಂದೆ ನಾನು ಈ ಎರಡು ಅಂಕಿಗಳನ್ನು ಇಡುತ್ತೇನೆ.

ಊರು ಕಳೆದುಹೋಗುವುದಕ್ಕೆ ದುಡ್ಡಿನ ಕಾರಣವೂ ಇದೆ, ಅದನ್ನು ಮರೆಯಬಾರದು. ಮೊರಾಕೊದ ವರ್ಝಾಝಾತ್ ಪಟ್ಟಣದಲ್ಲಿ 1983ರಿಂದ ಅಟ್ಲಾಸ್ ಸ್ಟುಡಿಯೊ ಇದೆ. ಹತ್ತಿರದಲ್ಲೇ ಆಯ್ತ್ ಬೆನ್ ಹದ್ದು ಎಂಬ ಮಣ್ಣಿನ ಕೋಟೆಯ ಹಳ್ಳಿ. ಬಿಸಿಲು ಧಾರಾಳ, ಪಳಗಿದ ಕೆಲಸಗಾರರಿದ್ದಾರೆ, ಸೆಟ್ಟುಗಳು ಸಿದ್ಧ ನಿಂತಿವೆ. ಹೀಗಾಗಿ ಅದೇ ಸೀಮೆ ಒಮ್ಮೆ ಜೆರುಸಲೇಂ, ಒಮ್ಮೆ ಈಜಿಪ್ಟ್, ಒಮ್ಮೆ ಟಿಬೆಟ್ ಕೂಡ ಆಗಿದೆ. ಬೇರೆ ಊರಲ್ಲಿ ಚಿತ್ರೀಕರಿಸುವುದು ತಪ್ಪಲ್ಲ, ಎಲ್ಲ ದೇಶದವರೂ ಮಾಡುತ್ತಾರೆ. ಎಡವುವುದು ಅದರ ನಂತರದ ಹೆಜ್ಜೆಯಲ್ಲಿ: ಅಂಗಡಿಯ ಫಲಕ, ಜನರ ಉಡುಪು, ಅವರ ಮಾತು ಇವನ್ನೂ ಬದಲಿಸಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ, ಏಕೆಂದರೆ ನೋಡುವವರಿಗೆ ವ್ಯತ್ಯಾಸ ತಿಳಿಯದು ಎಂಬ ಭರವಸೆ. ಬಿನ್ ಲಾಡೆನ್ ಬೇಟೆಯ 2012ರ ಚಿತ್ರ 'ಝೀರೋ ಡಾರ್ಕ್ ಥರ್ಟಿ'ಯ ಪಾಕಿಸ್ತಾನದ ಬೀದಿಗಳನ್ನು ಚಂಡೀಗಢದಲ್ಲಿ ಚಿತ್ರೀಕರಿಸಿದರು. ಉರ್ದು, ಪಂಜಾಬಿ ಬಲ್ಲವರು ಅಲ್ಲಿ ಬೀದಿಬೀದಿಗೆ ಸಿಗುತ್ತಾರೆ. ಆದರೂ ಚಿತ್ರದಲ್ಲಿ ಪಾಕಿಸ್ತಾನಿಗಳ ಬಾಯಲ್ಲಿ ಅರಬ್ಬಿ ಬಂತು. ಮುಸ್ಲಿಂ ಎಂದರೆ ಅರಬ, ಅರಬ ಎಂದರೆ ಮುಸ್ಲಿಂ ಎಂಬ ಗಂಟು ಇದು. ಜಗತ್ತಿನ ಮುಸ್ಲಿಮರಲ್ಲಿ ಅರಬರು ಸುಮಾರು ಐದರಲ್ಲೊಂದು ಪಾಲು. ಇಂಡೋನೇಷ್ಯಾ, ಪಾಕಿಸ್ತಾನ, ಭಾರತ, ಬಾಂಗ್ಲಾದೇಶ ಯಾವುದೂ ಅರಬ್ ನಾಡಲ್ಲ. ಇರಾನೂ ಅಲ್ಲ, ತುರ್ಕಿಯೂ ಅಲ್ಲ. ಇತ್ತ ಈಜಿಪ್ಟಿನ ಕಾಪ್ಟರಂಥ ಕ್ರೈಸ್ತರು ಅರಬ್ ನಾಡಿನ ಹಳೇ ಮನೆಮಂದಿ.

ಭಾಷೆ ಬಾರದಿದ್ದರೂ ನೀವು ಮಾಡಬಹುದಾದ ಒಂದೆರಡು ಪರೀಕ್ಷೆಗಳಿವೆ. ಗೋಡೆಯ ಮೇಲಿನ, ಫಲಕದ ಮೇಲಿನ ಅರಬ್ಬಿ ಬರಹ ಕಂಡಾಗ ದೃಶ್ಯ ನಿಲ್ಲಿಸಿ. ಅರಬ್ಬಿ ಬಲದಿಂದ ಎಡಕ್ಕೆ ಹೋಗುತ್ತದೆ, ಪದದೊಳಗಿನ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಲಿಫ್, ದಾಲ್, ಝಾಲ್, ರಾ, ಝಾ, ವಾವ್ ಎಂಬ ಆರು ಮಾತ್ರ ಮುಂದಿನ ಅಕ್ಷರಕ್ಕೆ ಕೈ ಕೊಡುವುದಿಲ್ಲ. ಎಲ್ಲ ಅಕ್ಷರಗಳೂ ಬಿಡಿಬಿಡಿಯಾಗಿ ನಿಂತಿದ್ದರೆ, ಬಲದಿಂದ ಎಡಕ್ಕೆ ಬರೆಯಲು ಬಾರದ ಸಾಫ್ಟ್‌ವೇರಿನಲ್ಲಿ ಯಾರೋ ಅಂಟಿಸಿದ್ದಾರೆ, ಓದಬಲ್ಲ ಒಬ್ಬರಿಗೂ ತೋರಿಸಿಲ್ಲ ಎಂದೇ ಅರ್ಥ. ಕನ್ನಡದ ಒತ್ತಕ್ಷರಗಳೆಲ್ಲ ಉದುರಿ ಪಕ್ಕಕ್ಕೆ ಬಿದ್ದ ಬ್ಯಾನರುಗಳನ್ನು ಹೊರರಾಜ್ಯಗಳಲ್ಲಿ ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಇದರ ಅತಿ ದೊಡ್ಡ ಉದಾಹರಣೆ 2015ರದು. 'ಹೋಮ್‌ಲ್ಯಾಂಡ್' ಎಂಬ ಅಮೆರಿಕನ್ ಧಾರಾವಾಹಿಯ ಐದನೇ ಕಂತುಮಾಲೆಗೆ ಬರ್ಲಿನ್ನಿನಲ್ಲಿ ಸಿರಿಯಾ ನಿರಾಶ್ರಿತರ ಶಿಬಿರದ ಸೆಟ್ ಹಾಕಿದ್ದರು. ಗೋಡೆಬರಹ ಅಸಲಿಯಂತೆ ಕಾಣಲಿ ಎಂದು ಅರಬ್ಬಿ ಬಲ್ಲ ಕಲಾವಿದರನ್ನು ಕರೆಸಿದರು. ಅವರು ಹೋಮ್‌ಲ್ಯಾಂಡ್ ಜನಾಂಗದ್ವೇಷಿ ಎಂದು ಗೋಡೆಯ ಮೇಲೆ ಬರೆದರು. ಹೋಮ್‌ಲ್ಯಾಂಡ್ ಒಂದು ಜೋಕು, ಆದರೆ ನಮಗೆ ನಗು ಬರಲಿಲ್ಲ ಎಂದೂ ಬರೆದರು. ಚಿತ್ರೀಕರಣ ಆಯಿತು, ಸಂಕಲನ ಆಯಿತು, ಪ್ರಸಾರವೂ ಆಯಿತು. ಅಷ್ಟು ಕೈ ದಾಟಿ ಬಂದರೂ ಯಾರೂ ಓದಿರಲಿಲ್ಲ. ಅವರ ಪಾಲಿಗೆ ಅರಬ್ಬಿ ಬರಹ ಎಂದರೆ ಓದುವ ವಸ್ತುವಲ್ಲ, ಹಿನ್ನೆಲೆಯ ಬಳ್ಳಿಚಿತ್ತಾರ. ಇದೇ ಧಾರಾವಾಹಿ ಹಿಂದೆ ಬೈರೂತಿನ ಹಮ್ರಾ ಬೀದಿಯನ್ನು ಬಂದೂಕುಧಾರಿಗಳ ಗಲ್ಲಿಯಂತೆ ತೋರಿಸಿತ್ತು. ಹಮ್ರಾ ಎಂದರೆ ಕಾಫಿ ಅಂಗಡಿ, ಪುಸ್ತಕದಂಗಡಿಗಳ ಬೀದಿ. ಲೆಬನಾನಿನ ಪ್ರವಾಸೋದ್ಯಮ ಮಂತ್ರಿ 2012ರಲ್ಲಿ ಮೊಕದ್ದಮೆ ಹೂಡುವ ಮಾತಾಡಿದ್ದರು.

ಮಾತಿನ ಪರೀಕ್ಷೆ ಇನ್ನೂ ಸುಲಭ. 'ಹೇಗಿದ್ದೀಯ' ಎನ್ನುವುದಕ್ಕೆ ಕೈರೊದಲ್ಲಿ 'ಇಝ್ಝಯ್ಯಕ್', ಬೈರೂತ್-ಡಮಾಸ್ಕಸ್ಸಿನಲ್ಲಿ 'ಕೀಫಕ್', ಬಾಗ್ದಾದ್ ಮತ್ತು ಕುವೈತಿನಲ್ಲಿ 'ಶ್ಲೋನಕ್', ಕಾಸಾಬ್ಲಾಂಕಾದಲ್ಲಿ 'ಲಾಬಾಸ್' ಎನ್ನುತ್ತಾರೆ. ಗಲ್ಫಿನಲ್ಲಿ ದುಡಿದು ಬಂದ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಇದನ್ನು ಕಿವಿಯಲ್ಲೇ ಹಿಡಿಯುತ್ತಾರೆ. ಇರಾಕಿನ ಕಥೆಯಲ್ಲಿ ಜನ 'ಲಾಬಾಸ್' ಎಂದರೆ ಮೊರಾಕೊದ ಸಹನಟರನ್ನು ಹಾಗೇ ನಿಲ್ಲಿಸಿ ಕ್ಯಾಮೆರಾ ತಿರುಗಿಸಿದ್ದಾರೆ ಎಂದಾಯಿತು. ಇದಕ್ಕಿಂತ ಮುಖ್ಯವಾದದ್ದು ಅಡಿಬರಹ, ಅಂದರೆ ಸಬ್‌ಟೈಟಲ್. ಇಂಗ್ಲಿಷ್ ಬಿಟ್ಟು ಬೇರೆ ಮಾತಿಗೆ ಅಡಿಬರಹ ಹಾಕುವ ಚಿತ್ರ, ಗುಂಪಿನ ಅರಬ್ಬಿ ಬಂದಾಗ ಮಾತ್ರ ಅದನ್ನು ನಿಲ್ಲಿಸುತ್ತದೆಯೇ ನೋಡಿ. ಹಾಗಾದಾಗ ಕೇಳುವವನಿಗೆ ಆ ಮಾತು ಮಾತಾಗಿ ಉಳಿಯುವುದಿಲ್ಲ, ಅರಚಾಟವಾಗುತ್ತದೆ. ತಾಯಿಯೊಬ್ಬಳು ಮಗನ ಹೆಸರು ಕೂಗುತ್ತಿರಬಹುದು, ಪ್ರೇಕ್ಷಕ ಮಾತ್ರ ಕುರ್ಚಿಯಲ್ಲಿ ಹಿಂದೆ ಸರಿಯುತ್ತಾನೆ.

ಇನ್ನು ಶಬ್ದ. ನನ್ನ ಪ್ರಕಾರ ಓರಿಯಂಟಲಿಸಂ ಅತ್ಯಂತ ಆಳವಾಗಿ ಕೂತಿರುವುದು ಇಲ್ಲಿ, ಏಕೆಂದರೆ ಚಿತ್ರವನ್ನು ಅನುಮಾನಿಸುವವರೂ ಹಿನ್ನೆಲೆ ಸಂಗೀತವನ್ನು ಅನುಮಾನಿಸುವುದಿಲ್ಲ. ಯಾವುದಾದರೂ ಹಾಲಿವುಡ್ ಯುದ್ಧಚಿತ್ರ ಹಾಕಿ, ಕಥೆ ಮಧ್ಯಪ್ರಾಚ್ಯಕ್ಕೆ ಕಾಲಿಟ್ಟ ಕೂಡಲೇ ಪರದೆಗೆ ಬೆನ್ನು ಮಾಡಿ ಹತ್ತು ನಿಮಿಷ ಬರೀ ಕೇಳಿ. ಹೆಚ್ಚಾಗಿ ಮೊದಲು ಬರುವುದು ಅಜಾನ್. ದಿನಕ್ಕೆ ಐದು ಹೊತ್ತು, ಕೋಟ್ಯಂತರ ಜನರಿಗೆ ಅಡುಗೆಮನೆಯ ಗಡಿಯಾರದಂತೆ ಒದಗುವ ಕರೆ ಅದು. ತೆರೆಯ ಮೇಲೆ ಅದರ ಬೆನ್ನಿಗೇ ಸ್ಫೋಟ ಬರುತ್ತದೆ. ಸಾವಿರ ಸಲ ಹಾಗೆ ಜೋಡಿಸಿದ ಮೇಲೆ ಕಿವಿ ಕರೆಯನ್ನು ಕೇಳಿದ ಕೂಡಲೇ ಸಿಡಿತಕ್ಕೆ ಕಾಯತೊಡಗುತ್ತದೆ. ಗಮನವಿಟ್ಟು ಕೇಳಿದರೆ ಅಜಾಗರೂಕತೆಯೂ ಸಿಕ್ಕಿಬೀಳುತ್ತದೆ. ಸುನ್ನಿಗಳ ಬೆಳಗಿನ ಅಜಾನಿನಲ್ಲಿ ಮಾತ್ರ ನಿದ್ದೆಗಿಂತ ಪ್ರಾರ್ಥನೆ ಮೇಲು ಎಂಬ ಸಾಲಿರುತ್ತದೆ, 'ಅಸ್ಸಲಾತು ಖೈರುಂ ಮಿನನ್ನೌಮ್'. ಸುಡುವ ಮಧ್ಯಾಹ್ನದ ದೃಶ್ಯದಲ್ಲಿ ಅದು ಕೇಳಿಸಿದರೆ ಧ್ವನಿಭಂಡಾರದಿಂದ ಯಾವುದೋ ತುಣುಕು ಎತ್ತಿ ಹಾಕಿದ್ದಾರೆ. ಇರಾನಿನ ಶಿಯಾ ಅಜಾನಿನಲ್ಲಿ ಅಲಿಯ ಹೆಸರು ಬರುತ್ತದೆ. ಟೆಹರಾನಿನ ದೃಶ್ಯದಲ್ಲಿ ಪೂರ್ತಿ ಕರೆ ಕೇಳಿಸಿಯೂ ಆ ಹೆಸರು ಬಾರದಿದ್ದರೆ ಅದೂ ಇದೇ ಬಗೆಯ ತಪ್ಪು.

ಅಜಾನಿನ ನಂತರ ಒಂದು ರಾಗ. ಅಪಾಯ, ಮರುಭೂಮಿ, ಹಾವು, ಅಂತಃಪುರ ಎಲ್ಲಕ್ಕೂ ಅದೇ. ಅರಬ್ ಸಂಗೀತದಲ್ಲಿ ಹಿಜಾಝ್ ಎಂಬ ಮಕಾಮ್ ಕುಟುಂಬದ ಸ್ವರಗಳವು. ಮಕಾಮ್ ಎಂದರೆ ಹೆಚ್ಚುಕಡಿಮೆ ನಮ್ಮ ರಾಗದಂಥದ್ದು. ಮೊದಲ ಎರಡು ಸ್ವರ ಹತ್ತಿರ ಹತ್ತಿರ, ಆಮೇಲೆ ಮೂರು ಸಣ್ಣ ಮೆಟ್ಟಿಲಿನಷ್ಟು ದೊಡ್ಡ ಜಿಗಿತ. ಆ ಜಿಗಿತವೇ ಪಾಶ್ಚಾತ್ಯ ಕಿವಿಗೆ 'ಪೂರ್ವ' ಎನ್ನಿಸುವ ಸ್ವಿಚ್ಚು. ಈ ಸ್ವರಗಳನ್ನು ಕನ್ನಡದ ಮಕ್ಕಳಿಗೆ ಪರಿಚಯಿಸಬೇಕಾಗಿಯೇ ಇಲ್ಲ. ಶುದ್ಧ ರಿಷಭದಿಂದ ಅಂತರ ಗಾಂಧಾರಕ್ಕೆ, ಶುದ್ಧ ಧೈವತದಿಂದ ಕಾಕಲಿ ನಿಷಾದಕ್ಕೆ ಹಾರುವುದು ಮಾಯಾಮಾಳವಗೌಳ. ಪುರಂದರದಾಸರು ಹಾಕಿಕೊಟ್ಟರು ಎನ್ನುವ ಸರಳೆ ವರಸೆಯನ್ನು ನಾವು ಕಲಿಯುವುದೇ ಅದರಲ್ಲಿ. ಪಾಶ್ಚಾತ್ಯರು ಡಬಲ್ ಹಾರ್ಮೋನಿಕ್ ಎನ್ನುವ ಸ್ವರಶ್ರೇಣಿಗೂ ಇದಕ್ಕೂ ಸ್ವರಸ್ಥಾನದಲ್ಲಿ ವ್ಯತ್ಯಾಸವಿಲ್ಲ. ನಿಷಾದವನ್ನು ಕೈಶಿಕಿಗೆ ಇಳಿಸಿದರೆ ವಕುಳಾಭರಣ, ಹಾಲಿವುಡ್ಡಿನ ಇನ್ನೊಂದು ಮೆಚ್ಚಿನ 'ಮರುಭೂಮಿ'. ಬೆಳಗ್ಗೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಮಗು ಹಾಡುವ ಸ್ವರಗಳು ಇನ್ನೊಬ್ಬರ ಸಿನಿಮಾದಲ್ಲಿ ಭಯದ ಸೂಚನೆಯಾಗಿವೆ ಎಂದರೆ, ಭಯ ಸ್ವರದಲ್ಲಿಲ್ಲ, ಜೋಡಣೆಯಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

ಅರಬ್ ಸಂಗೀತದಲ್ಲಿ ಇಷ್ಟೊಂದು ಮಕಾಮ್‌ಗಳಿರುವಾಗ ಹಿಜಾಝೇ ಏಕೆ? ಇದರಲ್ಲಿ ವಾದ್ಯದ ಪಾಲಿದೆ. ಅರಬ್ ನಾಡಿನಲ್ಲಿ ದಿನಬಳಕೆಯ ಮಕಾಮ್‌ಗಳೆಂದರೆ ರಾಸ್ತ್, ಬಯಾತಿ. ರಾಸ್ತ್‌ನ ಮೂರನೇ ಸ್ವರ, ಬಯಾತಿಯ ಎರಡನೇ ಸ್ವರ ಪಿಯಾನೊದ ಎರಡು ಮನೆಗಳ ನಡುವೆ ಕೂರುತ್ತವೆ. ಪಿಯಾನೊಗೆ, ಅದರ ಲೆಕ್ಕದಲ್ಲಿ ಶ್ರುತಿ ಮಾಡಿದ ವಾದ್ಯಮೇಳಕ್ಕೆ ಅವು ಸಿಗುವುದಿಲ್ಲ. ಹಿಜಾಝ್ ಹೆಚ್ಚುಕಡಿಮೆ ಆ ಮನೆಗಳಲ್ಲೇ ಹೊಂದಿಕೊಳ್ಳುತ್ತದೆ. ಇಷ್ಟಾದರೂ ಸಂಯೋಜಕರು ತೆಗೆದುಕೊಳ್ಳುವುದು ಸ್ವರಗಳನ್ನು ಮಾತ್ರ. ಯಾವ ಸ್ವರದಲ್ಲಿ ನಿಲ್ಲಬೇಕು, ಯಾವ ದಾರಿಯಲ್ಲಿ ಏರಬೇಕು ಎಂಬ ಮಕಾಮಿನ ನಡೆಯನ್ನಲ್ಲ. ಆರೋಹಣ-ಅವರೋಹಣ ನುಡಿಸಿ ರಾಗ ಆಯಿತು ಎಂದರೆ ನಾವು ಒಪ್ಪುತ್ತೇವೆಯೇ? ವಾದ್ಯದ ಕಥೆಯೂ ಹೀಗೇ. ಮರುಭೂಮಿಯ ದೃಶ್ಯಗಳಲ್ಲಿ ಕೊರಗುವ ಆ ಊದುವಾದ್ಯ ಬಹಳ ಸಲ ದುದುಕ್. ಜರ್ದಾಳು ಮರದಿಂದ ಮಾಡುವ, ಅರ್ಮೇನಿಯಾದ ವಾದ್ಯ ಅದು. ಅರ್ಮೇನಿಯಾ ಬಹು ಹಳೆಯ ಕ್ರೈಸ್ತ ನಾಡು, ಅಲ್ಲಿ ಮರುಭೂಮಿಯಲ್ಲ, ಬೆಟ್ಟಗಳು. ಇದನ್ನು ಸರಿಪಡಿಸಬಹುದು ಎಂಬುದಕ್ಕೂ ಉದಾಹರಣೆ ಇದೆ. 2022ರ ಮಾರ್ವೆಲ್ ಸರಣಿ 'ಮೂನ್ ನೈಟ್'ಗೆ ಈಜಿಪ್ಟಿನ ನಿರ್ದೇಶಕ ಮೊಹಮದ್ ದಿಯಾಬ್ ಬಂದಾಗ ಸಂಗೀತಕ್ಕೆ ಈಜಿಪ್ಟಿನವರೇ ಆದ ಹಿಶಾಮ್ ನಝೀಹ್ ಬಂದರು. ಅಲ್ಲಿನ ಕೈರೊದಲ್ಲಿ ಇಂದಿನ ಈಜಿಪ್ಟಿನ ಹಾಡುಗಳು ಕೇಳಿಸುತ್ತವೆ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಬಡ ದೇಶ, ಬಿಸಿ ದೇಶ ಎನ್ನಲು ಚಿತ್ರಕ್ಕೆ ಹಳದಿ ಬಳಿಯುವ ಚಾಳಿ ಇದೆ. ಬಣ್ಣ ತಿದ್ದುವ ಹಂತದಲ್ಲಿ ನೀಲಿಯನ್ನು ಇಳಿಸಿ, ನಡುಮಟ್ಟದ ಬೆಳಕಿಗೆ ಹಳದಿ-ಕಿತ್ತಳೆ ಏರಿಸಿದರೆ ಸಾಕು, ಯಾವ ಊರೂ ಧೂಳುಹಿಡಿದು ಕಾಣುತ್ತದೆ. 2020ರ 'ಎಕ್ಸ್‌ಟ್ರಾಕ್ಷನ್' ಢಾಕಾದ ಕಥೆ, ಚಿತ್ರೀಕರಣದ ಒಂದು ಪಾಲು ಅಹಮದಾಬಾದಿನಲ್ಲಿ. ಮಳೆನೀರು, ನದಿ, ಹಸಿರಿನ ಢಾಕಾ ಅದರಲ್ಲಿ ಸಾಸಿವೆ ಬಣ್ಣಕ್ಕೆ ತಿರುಗಿದೆ. ಪತ್ತೆ ಮಾಡುವುದು ಹೇಗೆಂದರೆ, ಬಿಳಿ ವಸ್ತು ಹುಡುಕಿ: ಅಂಗಿ, ಮೋಡ, ಕಣ್ಣಿನ ಬಿಳಿ. ನಾಯಕನ ದೇಶದಲ್ಲಿ ಅವು ಬಿಳಿಯಾಗಿದ್ದು ಇಲ್ಲಿ ಹಳದಿಯಾಗಿದ್ದರೆ ಅದು ಬಿಸಿಲಲ್ಲ, ತೀರ್ಮಾನ.

ಈಗ ಪ್ರಶ್ನೆಯ ಎರಡನೇ ಅರ್ಧ: ಹುಳುಕು ತೋರಿಸಲೇಬಾರದೇ? ತೋರಿಸಬೇಕು. ಹೈಫಾ ಅಲ್ ಮನ್ಸೂರ್ 2012ರಲ್ಲಿ 'ವಜ್ದಾ' ಮಾಡಿದರು, ರಿಯಾದ್ ನಗರದಲ್ಲೇ. ಬೀದಿಯಲ್ಲಿ ಗಂಡಸರ ಜೊತೆ ನಿಂತು ಕೆಲಸ ಮಾಡುವಂತಿಲ್ಲವೆಂದು ವ್ಯಾನಿನೊಳಗೆ ಕೂತು ವಾಕಿಟಾಕಿಯಲ್ಲಿ ನಿರ್ದೇಶಿಸಿದರು. ಆಗ ಆ ದೇಶದಲ್ಲಿ ಸಾರ್ವಜನಿಕ ಚಿತ್ರಮಂದಿರವೇ ಇರಲಿಲ್ಲ. ಮತ್ತೆ ತೆರೆದದ್ದು 2018ರಲ್ಲಿ. ಕಥೆಯ ಹುಡುಗಿಗೆ ಸೈಕಲ್ ಬೇಕು. ದುಡ್ಡಿಗಾಗಿ ಶಾಲೆಯ ಕುರಾನ್ ಪಠಣ ಸ್ಪರ್ಧೆಗೆ ಸೇರುತ್ತಾಳೆ. ಅಲ್ಲಿ ಶಾಲೆಯ ಮುಖ್ಯಸ್ಥೆ ಕಠೋರ, ತಂದೆ ಇನ್ನೊಂದು ಮದುವೆಯ ಯೋಚನೆಯಲ್ಲಿದ್ದಾನೆ, ತಾಯಿ ನಲುಗುತ್ತಾಳೆ. ಸೌದಿ ಸಮಾಜದ ಮೇಲೆ ಇದಕ್ಕಿಂತ ನೇರ ಟೀಕೆ ಬೇಕೇ? ಆದರೂ ಅಲ್ಲಿ ಪ್ರತಿಯೊಬ್ಬರಿಗೂ ಒಂದು ಲೆಕ್ಕಾಚಾರವಿದೆ, ಒಂದು ಒತ್ತಡವಿದೆ, ಮನೆ ಬಾಡಿಗೆಯ ಹಾಗೆ ದಿನನಿತ್ಯದ ಚಿಂತೆಗಳಿವೆ. ಹುಡುಗಿಯನ್ನು ಪಾರುಮಾಡಲು ಹೊರಗಿನಿಂದ ಯಾರೂ ವಿಮಾನದಲ್ಲಿ ಇಳಿಯುವುದಿಲ್ಲ. ಮುಸ್ಲಿಂ ಹೆಣ್ಣಿನ ಬಗೆಗಿನ ಚಿತ್ರ ನೋಡುವಾಗ ನಾನು ಹುಡುಕುವುದು ಇದನ್ನೇ: ಅವಳು ಬುರ್ಖಾ ತೊಟ್ಟಿದ್ದಾಳೋ ಇಲ್ಲವೋ ಎನ್ನುವುದನ್ನಲ್ಲ, ಅವಳಿಗೆ ಏನು ಬೇಕು ಎನ್ನುವುದು ನಮಗೆ ತಿಳಿಯುತ್ತದೆಯೋ ಇಲ್ಲವೋ ಎನ್ನುವುದನ್ನು.

ಕನ್ನಡದಲ್ಲೂ ಈ ಪಾಠ ಹೇಳುವ ಚಿತ್ರ ಇದೆ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ ಗಿರೀಶ ಕಾಸರವಳ್ಳಿ 2004ರಲ್ಲಿ 'ಹಸೀನಾ' ಮಾಡಿದರು. ತಾರಾ ಅವರಿಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಗಂಡ ಬಿಟ್ಟುಹೋದ ಹೆಣ್ಣು ಮಸೀದಿಯ ಉಸ್ತುವಾರಿಯಾದ ಮುತವಲ್ಲಿಯ ಬಳಿ ನ್ಯಾಯ ಕೇಳುತ್ತಾಳೆ. ಆ ವ್ಯವಸ್ಥೆಯನ್ನು ಚಿತ್ರ ಸುಮ್ಮನೆ ಬಿಡುವುದಿಲ್ಲ, ಆದರೆ ಕೇಳುವವಳೂ ಅದೇ ಮೊಹಲ್ಲಾದವಳು, ಅವಳು ಕೇಳುವುದೂ ಧರ್ಮ ತನಗೆ ಕೊಟ್ಟಿರುವ ಹಕ್ಕನ್ನೇ.

ಇದೇ ಕನ್ನಡದ ಜನಪ್ರಿಯ ಚಿತ್ರಗಳು ಇನ್ನೊಂದು ದಾರಿ ಹಿಡಿದಿವೆ, ಅದನ್ನು ಹೇಳದೆ ಹಾಲಿವುಡ್ಡನ್ನು ಬೈಯುವುದು ಸರಿಯಲ್ಲ. ಮುಸ್ಲಿಂ ಪಾತ್ರ ಬಂದರೆ 'ನಮ್ದೂಕೆ, ನಿಮ್ದೂಕೆ' ಎಂಬ ಒಂದೇ ಮುರುಕು ಕನ್ನಡ, ಕಣ್ಣಿಗೆ ಸುರ್ಮಾ, ಕೊರಳಿಗೆ ತಾಯಿತ. ಕಲಬುರಗಿ, ವಿಜಯಪುರದಲ್ಲಿ ದಖನಿ ಇದೆ, ಮಂಗಳೂರಿನ ಕಡೆ ಬ್ಯಾರಿ ಇದೆ, ಭ‌ಟ್ಕಳದಲ್ಲಿ ನವಾಯತಿ ಇದೆ, ಉತ್ತರದ ಎಷ್ಟೋ ಪಿಂಜಾರ ಮನೆಗಳಲ್ಲಿ ಕನ್ನಡವೇ ಮನೆಮಾತು. ಸಂಭಾಷಣೆ ಬರೆಯುವವರು ಪಾತ್ರದ ತಾಲ್ಲೂಕು ಯಾವುದು ಎಂದು ಮೊದಲೇ ತೀರ್ಮಾನಿಸಿ, ಆ ಸೀಮೆಯ ಒಬ್ಬರ ಕೈಯಲ್ಲಿ ಓದಿಸಿದರೆ ಸಾಕು. ಇದಕ್ಕೆ ಖರ್ಚಾಗುವುದು ಒಂದು ಮಧ್ಯಾಹ್ನ. ಆದರೆ ಬರವಣಿಗೆ ಮುಗಿಯುವ ಮೊದಲೇ ಓದಿಸಬೇಕು. ಸಂಕಲನ ಮುಗಿದ ಮೇಲೆ ಸಲಹೆಗಾರರನ್ನು ಕರೆದರೆ ಅವರು ಹೇಳಿದ್ದು ಸರಿ ಎಂದು ಗೊತ್ತಾದರೂ ಬದಲಿಸಲು ದೃಶ್ಯವಾಗಲಿ ಹಣವಾಗಲಿ ಉಳಿದಿರುವುದಿಲ್ಲ.

ಮೈಸೂರಿಗೆ ಈ ಚರಿತ್ರೆಯಲ್ಲಿ ಇನ್ನೊಂದು ಪಾಲಿದೆ. ಕಬಿನಿ ತೀರದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಮಹಾರಾಜರ ಆನೆಗಳ ಮಾವುತನ ಮಗ. ಮೈಸೂರಿನಲ್ಲಿ ಚಿತ್ರೀಕರಿಸಿದ, 1937ರಲ್ಲಿ ಬಿಡುಗಡೆಯಾದ 'ಎಲಿಫೆಂಟ್ ಬಾಯ್' ಅವನನ್ನು ಲಂಡನ್ನಿಗೆ ಒಯ್ದಿತು. 1940ರಲ್ಲಿ ಅವನು ಬಾಗ್ದಾದಿನ ಕಳ್ಳ, 1944ರಲ್ಲಿ ದಕ್ಷಿಣ ಸಮುದ್ರದ ದ್ವೀಪವೊಂದರ ಕಥೆಯಲ್ಲೂ ಅವನೇ. ಆ ಹುಡುಗನ ನಗು, ಚುರುಕುತನ ಇಂದು ನೋಡಿದರೂ ಮನಸ್ಸು ಗೆಲ್ಲುತ್ತದೆ. ಸ್ಟುಡಿಯೊಗಳಿಗೆ ಮಾತ್ರ ಮೈಸೂರು, ಬಾಗ್ದಾದ್, ದ್ವೀಪ ಎಲ್ಲ ಒಂದೇ ಊರಾಗಿತ್ತು. ಬರಿಮೈಯ ಒಬ್ಬ ಹುಡುಗ ಎಲ್ಲಕ್ಕೂ ಸಾಕಿತ್ತು.

ಕೊನೆಯದಾಗಿ, ಈ ಪ್ರಶ್ನೆ ಕೇಳುವ ಎಲ್ಲರಿಗೂ ನಾನು ಎರಡು ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಲು ಹೇಳುತ್ತೇನೆ. ಒಂದು ಡೇವಿಡ್ ಲೀನ್ ಅವರ 1962ರ 'ಲಾರೆನ್ಸ್ ಆಫ್ ಅರೇಬಿಯಾ', ಇನ್ನೊಂದು ನಾಜಿ ಅಬು ನೊವಾರ್ ಅವರ 2014ರ 'ಝೀಬ್'. ಎರಡರಲ್ಲೂ ಮೊದಲ ಮಹಾಯುದ್ಧ, ಎರಡರಲ್ಲೂ ತುರ್ಕರ ಆಳ್ವಿಕೆಯ ಹಿಜಾಝ್ (ಇಲ್ಲಿ ಮಕಾಮ್ ಅಲ್ಲ, ಮೆಕ್ಕಾ-ಮದೀನಾ ಇರುವ ಪಶ್ಚಿಮ ಅರೇಬಿಯಾದ ಸೀಮೆ), ಎರಡರಲ್ಲೂ ಜೋರ್ಡಾನಿನ ವಾದಿ ರಮ್ ಎಂಬ ಅದೇ ಕೆಂಪು ಬಂಡೆಗಳ ಮರುಭೂಮಿ.

ಲೀನ್ ಚಿತ್ರ ಮಹಾಕೃತಿ, ಅದರಲ್ಲಿ ಅನುಮಾನವಿಲ್ಲ. ಬಿಸಿಲ್ಗುದುರೆಯೊಳಗಿಂದ ಒಮರ್ ಷರೀಫ್ ಒಂಟೆಯ ಮೇಲೆ ಬರುವ ದೃಶ್ಯವನ್ನು 482 ಮಿಲಿಮೀಟರಿನ ಲೆನ್ಸಿನಲ್ಲಿ ತೆಗೆದರು. ಅಂಥ ದೃಶ್ಯ ಮತ್ತೆ ಬಂದಿಲ್ಲ. ಬ್ರಿಟಿಷರ ಮೋಸವನ್ನೂ ಚಿತ್ರ ಮುಚ್ಚಿಡುವುದಿಲ್ಲ. ಆದರೆ ತುರ್ಕರ ವಿರುದ್ಧ ದಂಗೆಯೆದ್ದ ಅರಬರ ನಾಯಕ, ರಾಜಕುಮಾರ ಫೈಸಲನಾಗಿ ಮುಖಕ್ಕೆ ಬಣ್ಣ ಹಚ್ಚಿದ ಅಲೆಕ್ ಗಿನ್ನೆಸ್ ಇದ್ದಾರೆ. ಹುವೈತಾತ್ ಬುಡಕಟ್ಟಿನ ನಾಯಕ ಔದಾ ಆಗಿ ಕೃತಕ ಮೂಗು ಅಂಟಿಸಿಕೊಂಡ ಆಂಥನಿ ಕ್ವಿನ್ ಇದ್ದಾರೆ. ಗಾಸಿಮ್ ಎಂಬ ಅರಬನಾಗಿ ನಮ್ಮ ಐ. ಎಸ್. ಜೋಹರ್. ಮೂರೂವರೆ ಗಂಟೆ ದಾಟುವ ಚಿತ್ರದಲ್ಲಿ ಒಬ್ಬ ಹೆಣ್ಣಿಗೂ ಒಂದು ಮಾತಿಲ್ಲ. ಬಾವಿಯ ದೃಶ್ಯದಲ್ಲಿ ಒಮರ್ ಷರೀಫ್ ಆಡಿದ ಪಾತ್ರ ಷರೀಫ್ ಅಲಿ, ತನ್ನ ಬಾವಿಯ ನೀರು ಕುಡಿದ ಬೇರೆ ಬುಡಕಟ್ಟಿನವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಚಿತ್ರದ ನಾಯಕನಾದ ಬ್ರಿಟಿಷ್ ಅಧಿಕಾರಿ ಲಾರೆನ್ಸ್ ಅವನಿಗೆ, ಬುಡಕಟ್ಟುಗಳು ಬಡಿದಾಡುತ್ತಿರುವಷ್ಟು ಕಾಲ ಅರಬರು ಸಣ್ಣ ಜನ, ಕ್ರೂರ ಜನ ಎಂದು ಬುದ್ಧಿ ಹೇಳುತ್ತಾನೆ. ಬಾವಿ ತೋಡಿದವರಾರು, ಅದರ ಹಕ್ಕು ಹೇಗೆ ನಡೆಯುತ್ತದೆ, ಬಾಯಾರಿದ ದಾರಿಹೋಕನಿಗೆ ನೀರು ಕೊಡಬೇಕೆಂಬ ಮರುಭೂಮಿಯ ಮರ್ಯಾದೆ ಎಲ್ಲಿ ಹೋಯಿತು, ಯಾವುದಕ್ಕೂ ಉತ್ತರವಿಲ್ಲ. ಕೊನೆಗೆ ಡಮಾಸ್ಕಸ್ಸಿನಲ್ಲಿ ಅರಬರ ಸಭೆ ಕಿರುಚಾಡುತ್ತದೆ, ವಿದ್ಯುತ್ತು ನಿಲ್ಲುತ್ತದೆ, ಆಡಳಿತ ಅವರ ಕೈಲಾಗದು ಎಂದು ಸಭೆ ಖಾಲಿಯಾಗುತ್ತದೆ. ಚರಿತ್ರೆಯಲ್ಲಿ ನಡೆದದ್ದು ಹಾಗಲ್ಲ. 1918ರ ಅಕ್ಟೋಬರಿನಲ್ಲಿ ಶುರುವಾದ ಫೈಸಲನ ಸರ್ಕಾರ ಸುಮಾರು ಎರಡು ವರ್ಷ ನಡೆಯಿತು. ಸಿರಿಯಾದ ಪ್ರತಿನಿಧಿ ಸಭೆ ಸಂವಿಧಾನದ ಕರಡನ್ನೂ ತಯಾರಿಸಿತ್ತು. ಅದು ಬಿದ್ದದ್ದು 1920ರ ಜುಲೈ 24ರಂದು ಮೈಸಲೂನಿನಲ್ಲಿ, ಫ್ರೆಂಚ್ ಸೇನೆಯ ತೋಪುಗಳಿಗೆ.

'ಝೀಬ್' ಎಂದರೆ ತೋಳ. ಅದು ಒಬ್ಬ ಪುಟ್ಟ ಬೆಡೊಯಿನ್, ಅಂದರೆ ಮರುಭೂಮಿಯ ಅಲೆಮಾರಿ ಅರಬ್ ಬುಡಕಟ್ಟಿನ, ಹುಡುಗನ ಹೆಸರು. ಬೆಡೊಯಿನರ ಪಾತ್ರದಲ್ಲಿ ವಾದಿ ರಮ್ಮಿನ ಬೆಡೊಯಿನರೇ ನಟಿಸಿದ್ದಾರೆ. ಝೀಬ್ ಆದ ಹುಡುಗ ಹುವೈತಾತ್ ಬುಡಕಟ್ಟಿನವನು. ಆಂಥನಿ ಕ್ವಿನ್ ಮೂಗು ಅಂಟಿಸಿಕೊಂಡು ಆಡಿದ ಔದಾನ ಬುಡಕಟ್ಟು ಅದೇ. ಚಿತ್ರದ ಕಾಲ 1916. ರಾತ್ರಿ ಡೇರೆಗೆ ಒಬ್ಬ ಇಂಗ್ಲಿಷ್ ಅಧಿಕಾರಿ ಬರುತ್ತಾನೆ, ಕೈಯಲ್ಲಿ ಯಾರಿಗೂ ಮುಟ್ಟಲು ಬಿಡದ ಪೆಟ್ಟಿಗೆ. ಅತಿಥಿ ಕೇಳಿದ ಮೇಲೆ ಇಲ್ಲ ಎನ್ನುವಂತಿಲ್ಲ, ಹುಡುಗನ ಅಣ್ಣ ಬಾವಿಯವರೆಗೆ ದಾರಿ ತೋರಿಸಲು ಹೊರಡುತ್ತಾನೆ. ಇಲ್ಲಿಯೂ ಬಾವಿಯ ಬಳಿಯೇ ಕೊಲೆ ನಡೆಯುತ್ತದೆ. ಕೊಲ್ಲುವ ದರೋಡೆಕೋರ ಕ್ರೂರಿ, ಚಿತ್ರ ಅದನ್ನು ಒಂದಿಷ್ಟೂ ತೇಲಿಸುವುದಿಲ್ಲ. ಆದರೆ ಗಾಯಗೊಂಡು ಆ ಹುಡುಗನ ಜೊತೆಗೇ ಬದುಕಬೇಕಾಗಿ ಬಂದಾಗ ಅವನು ತನ್ನ ಕಸುಬಿನ ಕಥೆ ಹೇಳುತ್ತಾನೆ. ಮೊದಲು ಅವನು ಮೆಕ್ಕಾ ಯಾತ್ರಿಕರಿಗೆ ದಾರಿ ತೋರಿಸುತ್ತಿದ್ದವನು. ಹಿಜಾಝ್ ರೈಲು 1908ರಲ್ಲಿ ಮದೀನಾ ತಲುಪಿತು, ಯಾತ್ರಿಕರು ರೈಲು ಹತ್ತಿದರು, ಒಂಟೆಯವರಿಗೆ ಕೆಲಸ ಹೋಯಿತು. ಇಂಗ್ಲಿಷಿನವನ ಪೆಟ್ಟಿಗೆ ಹೊರಟಿದ್ದೂ ಆ ಹಳಿಗಳನ್ನು ಸಿಡಿಸುವುದಕ್ಕೆ.